ಫ್ರೇಮ್ 999, ಬಿಲ್ 3,447: ಮಧ್ಯದಲ್ಲಿ ಏನಾಯಿತು?

ಹೋದ ತಿಂಗಳು ಈ ಅಂಕಣದಲ್ಲಿ, ಗೀರು ಬೀಳದ ಹಾಗೆ ಕನ್ನಡಕ ಒರೆಸುವುದು ಹೇಗೆ ಅಂತ ಬರೆದಿದ್ದೆ. ಆಮೇಲೆ ಬಂದ ಕಾಗದಗಳಲ್ಲಿ ಒರೆಸುವ ಮಾತೇ ಇಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ: ಆನ್‌ಲೈನ್‌ನಲ್ಲಿ ಕನ್ನಡಕ ತರಿಸಬಹುದಾ, ತರಿಸಿದರೆ ದುಡ್ಡು ಉಳಿಯುತ್ತಾ? ಶಿವಮೊಗ್ಗದ ಗಾಂಧಿ ಬಜಾರ್ ಹತ್ತಿರ 34 ವರ್ಷ ಕನ್ನಡಕದ ಅಂಗಡಿ ಇಟ್ಟಿದ್ದವನನ್ನು ಇದನ್ನು ಕೇಳುವುದು, ಹೋಟೆಲಿನವನನ್ನು ಮನೆ ಊಟ ಒಳ್ಳೆಯದಾ ಅಂತ ಕೇಳಿದ ಹಾಗೆ. ಆದರೆ 2019ರಲ್ಲಿ ಶಟರ್ ಎಳೆದಾಯಿತು. ಯಾರ ಗಿರಾಕಿ ಎಲ್ಲಿಗೆ ಹೋದರೂ ನನಗೀಗ ಹೊಟ್ಟೆ ಉರಿ ಇಲ್ಲ. ಹಾಗಾಗಿ ಬಿಚ್ಚಿ ಹೇಳುತ್ತೇನೆ.

ಪ್ರಶ್ನೆ: ಸರ್, ನಾನು ಹೈಸ್ಕೂಲ್ ಟೀಚರ್. ಬಲಗಣ್ಣು –2.25, ಎಡಗಣ್ಣು –2.75. ಆನ್‌ಲೈನ್‌ನಲ್ಲಿ 999 ರೂಪಾಯಿಯ ಫ್ರೇಮ್ ಆರಿಸಿದೆ. ದುಡ್ಡು ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ 3,447 ಆಗಿತ್ತು. ಹೆದರಿ ಫೋನ್ ಮುಚ್ಚಿಟ್ಟೆ. ಸ್ಕ್ರೀನ್‌ಶಾಟ್ ಕಳಿಸಿದ್ದೇನೆ. ಇದರಲ್ಲಿ ನನಗೆ ನಿಜವಾಗಿ ಬೇಕಾದದ್ದು ಯಾವುದು? — ಓದುಗಿ, ತಿಪಟೂರು

ಮೇಡಂ, ಫೋನ್ ಮುಚ್ಚಿಟ್ಟದ್ದು ಒಳ್ಳೆಯದೇ ಆಯಿತು. ನಿಮ್ಮ ಸ್ಕ್ರೀನ್‌ಶಾಟನ್ನು ಮೊಮ್ಮಗಳ ಕೈಯಲ್ಲಿ ದೊಡ್ಡದು ಮಾಡಿಸಿ ನೋಡಿದೆ. ಫ್ರೇಮ್ 999. ತೆಳು ಲೆನ್ಸ್ 1,200. ಬ್ಲೂ ಕಟ್ 500. ಪ್ರೀಮಿಯಂ ಕೋಟಿಂಗ್ 450. ಪ್ರೊಟೆಕ್ಷನ್ ಪ್ಲಾನ್ 199. ತಲುಪಿಸುವುದಕ್ಕೆ 99. ನಮ್ಮ ಅಂಗಡಿಯಲ್ಲೂ ಲಾಭ ಹುಟ್ಟುತ್ತಿದ್ದದ್ದು ಫ್ರೇಮಿನಲ್ಲಿ ಅಲ್ಲ, ಗ್ಲಾಸಿನಲ್ಲಿ. ಆನ್‌ಲೈನಿನವರು ಹೊಸದೇನೂ ಕಂಡುಹಿಡಿದಿಲ್ಲ. ನಾವು ಚಾ ತರಿಸಿ ಮೆಲ್ಲಗೆ ಹೇಳುತ್ತಿದ್ದದ್ದನ್ನು ಅವರು ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ, ಅಷ್ಟೇ.

ತೆಳು ಲೆನ್ಸ್ ಅಂದರೆ ಇಲ್ಲಿ 1.67 ಇಂಡೆಕ್ಸಿನದು. ಇಂಡೆಕ್ಸ್ ಅಂದರೆ ಲೆನ್ಸಿನ ವಸ್ತು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಂಕಿ. ಸಾದಾ ಲೆನ್ಸ್, ಅಂಗಡಿಗಳಲ್ಲಿ ಫೈಬರ್ ಅನ್ನುತ್ತಾರಲ್ಲ, ಅದು 1.5. ಸಂಖ್ಯೆ ಏರಿದಂತೆ ಅದೇ ಪವರ್‌ಗೆ ಲೆನ್ಸ್ ತೆಳುವಾಗುತ್ತದೆ. ಅದೇನೋ ಸರಿ. ಎಷ್ಟು ತೆಳು ಅನ್ನುವುದೇ ಪ್ರಶ್ನೆ. ನಿಮ್ಮ ಫ್ರೇಮಿನ ಅಳತೆ 52-18-140 ಅಂತ ಕಾಣುತ್ತಿದೆ. 52 ಅಂದರೆ ಒಂದು ಗ್ಲಾಸಿನ ಅಗಲ, 18 ಅಂದರೆ ಮೂಗಿನ ಮೇಲಿನ ಅಂತರ, 140 ಅಂದರೆ ಕಡ್ಡಿಯ ಉದ್ದ. ಎಲ್ಲಾ ಮಿಲಿಮೀಟರ್ ಲೆಕ್ಕ. ನಿಮ್ಮ ಚೀಟಿಯಲ್ಲಿ ಪಿಡಿ 62 ಅಂತ ಬರೆದಿದ್ದಾರೆ. ಪಿಡಿ ಅಂದರೆ ಎರಡು ಕಣ್ಣುಪಾಪೆಗಳ ನಡುವಿನ ದೂರ.

ಕೂತು ಲೆಕ್ಕ ಹಾಕಿದೆ. ನಿಮ್ಮ –2.75ಕ್ಕೆ ಸಾದಾ ಲೆನ್ಸ್ ಹಾಕಿದರೆ ಕಿವಿಯ ಕಡೆಯ ಅಂಚು ಮಧ್ಯಕ್ಕಿಂತ ಸುಮಾರು 2.5 ಮಿ.ಮೀ. ದಪ್ಪ ಇರುತ್ತದೆ. 1.67 ಹಾಕಿದರೆ ಸುಮಾರು 1.85. ಮಧ್ಯದ ದಪ್ಪ ಎರಡರಲ್ಲೂ ಒಂದೇ ಅಂತ ಇಟ್ಟುಕೊಂಡರೆ, 1,200 ರೂಪಾಯಿಗೆ ಸಿಕ್ಕಿದ್ದು 0.6 ಮಿ.ಮೀ. ಈಗ ತಮಾಷೆ ನೋಡಿ. ಅದೇ ಸಾದಾ ಲೆನ್ಸನ್ನು 48-18 ಅಳತೆಯ ಫ್ರೇಮಿಗೆ ಹಾಕಿದರೆ ಅಂಚು 1.86ಕ್ಕೆ ಬರುತ್ತದೆ. ಮೈನಸ್ ಲೆನ್ಸ್ ಅಂಚಿಗೆ ಹೋದಷ್ಟೂ ದಪ್ಪ. ಫ್ರೇಮ್ ಚಿಕ್ಕದಾದರೆ ಆ ದಪ್ಪ ಭಾಗವನ್ನು ಕತ್ತರಿಸಿ ಹೊರಗೆ ಎಸೆದ ಹಾಗೆ. ಅಂದರೆ ನಾಲ್ಕು ಮಿಲಿಮೀಟರ್ ಚಿಕ್ಕ ಫ್ರೇಮ್ ಆರಿಸಿದರೆ 1.67ರ ಕೆಲಸ ಬಿಟ್ಟಿಯಾಗಿ ಆಗುತ್ತದೆ. ಮುಖ ಅಗಲವಿದ್ದು 48 ಇಕ್ಕಟ್ಟಾದರೆ 50 ನೋಡಿ. ಜೊತೆಗೆ ಲೋಹದ ತೆಳು ತಂತಿಯ ಫ್ರೇಮ್ ಬೇಡ, ಶೆಲ್ ಫ್ರೇಮ್, ಅಂದರೆ ದಪ್ಪ ಪ್ಲಾಸ್ಟಿಕ್ಕಿನದು, ತಗೊಳ್ಳಿ. ಅಂಚು ಅದರೊಳಗೆ ಅಡಗುತ್ತದೆ. –5, –6 ಇರುವವರಿಗೆ ನಾನು ಈ ಮಾತು ಹೇಳುವುದಿಲ್ಲ. ಅಲ್ಲಿ ತೆಳು ಲೆನ್ಸಿಗೆ ಕೊಟ್ಟ ದುಡ್ಡು ಮೂಗಿನ ಮೇಲಿನ ಭಾರದಲ್ಲಿ ಗೊತ್ತಾಗುತ್ತದೆ.

ಬ್ಲೂ ಕಟ್, ಅಂದರೆ ಸ್ಕ್ರೀನಿನ ನೀಲಿ ಬೆಳಕು ತಡೆಯುವ ಲೆನ್ಸ್, ತೆಗೆದುಹಾಕಿ. ಕಂಪ್ಯೂಟರ್ ನೋಡಿ ಕಣ್ಣು ಸುಸ್ತಾಗುವುದನ್ನು ಇದು ತಡೆಯುತ್ತದೆ ಅಂತ ಮಾರುತ್ತಾರೆ. 2023ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯವರು 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಾದಾ ಲೆನ್ಸಿಗಿಂತ ಇದರಿಂದ ಕಣ್ಣಿನ ಸುಸ್ತು ಕಡಿಮೆಯಾದದ್ದು ಅವರಿಗೆ ಕಾಣಲಿಲ್ಲ. ಸ್ಕ್ರೀನ್ ಮುಂದೆ ಕೂತಾಗ ನಾವು ಕಣ್ಣು ಮಿಟುಕಿಸುವುದೇ ಕಮ್ಮಿ. ಕಣ್ಣು ಒಣಗುತ್ತದೆ, ಉರಿಯುತ್ತದೆ. ಅದಕ್ಕೆ ಲೆನ್ಸ್ ಏನು ಮಾಡೀತು? ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆ ದೂರದ ತೆಂಗಿನ ಮರ ನೋಡಿ. ತಿಪಟೂರಿನಲ್ಲಿ ಅದಕ್ಕೇನು ಬರವಿಲ್ಲ, ಅಲ್ವಾ?

ಕೋಟಿಂಗ್ ವಿಷಯ ಬೇರೆ. ಎಆರ್‌ಸಿ, ಅಂದರೆ ಬೆಳಕು ಪ್ರತಿಫಲಿಸದ ಹಾಗೆ ಮಾಡುವ ಲೇಪ, ಖಂಡಿತ ಬೇಕು. ರಾತ್ರಿ ಸ್ಕೂಟರ್ ಓಡಿಸುವಾಗ ಎದುರಿನ ಹೆಡ್‌ಲೈಟ್ ಲೆನ್ಸಿನಲ್ಲಿ ಚೆಲ್ಲಾಡುವುದು ಇದರಿಂದ ಕಮ್ಮಿಯಾಗುತ್ತದೆ. ಗೀರು ತಡೆಯುವ ಹಾರ್ಡ್ ಕೋಟೂ ಬೇಕು. ಆದರೆ ನಿಮ್ಮ ಸ್ಕ್ರೀನ್‌ಶಾಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿದಿರಾ? ಸಾದಾ ಲೆನ್ಸಿನಲ್ಲೇ ಹಾರ್ಡ್ ಕೋಟ್, ಎಆರ್‌ಸಿ ಎರಡೂ ಸೇರಿವೆ, ಬೆಲೆ ಸೊನ್ನೆ! 450ರ ಪ್ರೀಮಿಯಂ ಕೊಡುವುದು ನೀರು, ಧೂಳು ಅಂಟದ ಗುಣ ಮಾತ್ರ. ಮಲೆನಾಡಿನ ಮಳೆಯಲ್ಲಿ ಓಡಾಡುವ ನನಗೆ ಆಸೆ ಆದೀತು. ನಿಮಗೆ ಬೇಡ. ಪ್ರೊಟೆಕ್ಷನ್ ಪ್ಲಾನೂ ಬೇಡ.

ಉಳಿದದ್ದು 999 ಮತ್ತು 99. ಒಟ್ಟು 1,098. ಉಳಿಸಿದ್ದು 2,349.

ಇನ್ನೊಂದು ಮಾತು. ನಂಬರ್ ಕನ್ನಡಕದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಬಿಲ್ಲಿನಲ್ಲಿ ಎಷ್ಟು ಹಾಕಿದ್ದಾರೆ ನೋಡಿಕೊಳ್ಳಿ. ಒಂದು ಕೊಂಡರೆ ಇನ್ನೊಂದು ಬಿಟ್ಟಿ ಅನ್ನುವ ಆಫರ್ ಇದ್ದರೆ, ಎರಡನೆಯದನ್ನು ಬೇರೆಯವರ ನಂಬರಿಗೆ ಕೊಡುತ್ತಾರಾ ಅಂತ ಮೊದಲು ಕೇಳಿ. ಕೊಡುವುದಾದರೆ ಸ್ಟಾಫ್ ರೂಮಿನಲ್ಲಿ ಪಾಲುದಾರರು ಸಿಗದೇ ಇರುತ್ತಾರಾ?

ಪ್ರಶ್ನೆ: ಡಾಕ್ಟರ ಚೀಟಿಯಲ್ಲಿ ಪಿಡಿ ಬರೆದಿಲ್ಲ. ಅಂಗಡಿಯಲ್ಲಿ ಕೇಳಿದರೆ "ಇಲ್ಲೇ ಕನ್ನಡಕ ಮಾಡಿಸಿದರೆ ಮಾತ್ರ" ಅಂದರು. ವೆಬ್‌ಸೈಟಿನಲ್ಲಿ ತಾನಾಗಿಯೇ 63 ಅಂತ ತೋರಿಸುತ್ತಿದೆ. ಹಾಗೇ ಬಿಡಲಾ? — ಓದುಗ, ಹಾಸನ

ಬಿಡಬೇಡಿ. ಅಂಗಡಿಯವರನ್ನು ಬೈಯಲೂ ಬೇಡಿ. ನಾನೂ ಕೊಡುತ್ತಿರಲಿಲ್ಲ. ಅಳೆದುಕೊಂಡು ಹೋಗಿ ಬೇರೆ ಕಡೆ ಮಾಡಿಸಿ, ಕೊನೆಗೆ ಕಡ್ಡಿ ಬಿಗಿ ಮಾಡಿಸಲು ನಮ್ಮಲ್ಲಿಗೇ ಬರುತ್ತಿದ್ದರು. ಸಿಟ್ಟು ಬರುತ್ತಿತ್ತು.

ಈ 63 ನನಗೆ ಚೆನ್ನಾಗಿ ಗೊತ್ತು. ಅಂಗಡಿ ಮುಚ್ಚಿದ ಮರುವರ್ಷ ನನ್ನ ಹೆಂಡತಿಗೆ ಆನ್‌ಲೈನ್‌ನಲ್ಲಿ ಕನ್ನಡಕ ತರಿಸಿದೆ. ಅವಳದು –4.50. 34 ವರ್ಷ ಊರಿನವರ ಪಿಡಿ ಅಳೆದ ನನ್ನ ಸ್ಕೇಲು ಆಗ ಅಟ್ಟದ ಮೇಲಿನ ಡಬ್ಬದಲ್ಲಿ ಎಲ್ಲೋ ಇತ್ತು. ಹತ್ತುವುದಕ್ಕೆ ಸೋಮಾರಿತನ. 63 ಇದ್ದದ್ದನ್ನು ಹಾಗೇ ಬಿಟ್ಟು ಒತ್ತಿದೆ. ಕನ್ನಡಕ ಬಂತು. ಹಾಕಿಕೊಂಡು ಅಡುಗೆಮನೆಗೆ ಹೋದವಳು ಹತ್ತು ನಿಮಿಷಕ್ಕೆ ವಾಪಸ್ ಬಂದು, "ಯಾರೋ ಕಣ್ಣು ಹಿಡಿದು ಆಚೀಚೆ ಎಳೆದ ಹಾಗಾಗುತ್ತೆ ಕಣ್ರೀ" ಅಂದಳು. ಡಬ್ಬ ಇಳಿಸಿ ಅಳೆದೆ. 58.

ಲೆನ್ಸಿನ ಕೇಂದ್ರ ಕಣ್ಣುಪಾಪೆಯ ಎದುರಿಗೆ ಇರಬೇಕು. ಸರಿದರೆ ಲೆನ್ಸ್ ಪ್ರಿಸಮ್ಮಿನ ಹಾಗೆ ಬೆಳಕನ್ನು ಪಕ್ಕಕ್ಕೆ ತಿರುಗಿಸುತ್ತದೆ. ಎಷ್ಟು ಅನ್ನುವುದಕ್ಕೆ ಸುಲಭದ ಲೆಕ್ಕವಿದೆ. ಸರಿದ ದೂರವನ್ನು ಸೆಂಟಿಮೀಟರಿನಲ್ಲಿ ಬರೆದು ಪವರಿನಿಂದ ಗುಣಿಸಿ, ಬಂದದ್ದು ಪ್ರಿಸಮ್ಮಿನ ಪಾಯಿಂಟ್. ಅವಳಿಗೆ ಒಂದೊಂದು ಕಣ್ಣಿಗೆ ಎರಡೂವರೆ ಮಿ.ಮೀ. ಸರಿದಿತ್ತು. 0.25 × 4.50, ಒಂದು ಪಾಯಿಂಟಿಗಿಂತ ಜಾಸ್ತಿ. ಎರಡೂ ಕಣ್ಣು ಸೇರಿ ಎರಡೂಕಾಲು. ತಲೆನೋವಿಗೆ ಅಷ್ಟು ಸಾಕು. ಅದೇ ತಪ್ಪು –1.00 ಇರುವವರಿಗೆ ಆಗಿದ್ದರೆ ಒಂದು ಕಣ್ಣಿಗೆ ಕಾಲು ಪಾಯಿಂಟ್. ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ. ಕಂಪನಿಯವರು ವಾಪಸ್ ತಗೊಂಡರು, ಅದು ಬೇರೆ ಮಾತು. ಮನೆಯಲ್ಲಿ ನನ್ನ ಮಾನ ವಾಪಸ್ ಬರಲು ಇನ್ನೂ ಸ್ವಲ್ಪ ದಿನ ಹಿಡಿಯಿತು.

ನೀವೇ ಅಳೆದುಕೊಳ್ಳುವುದು ಹೀಗೆ. ಮಕ್ಕಳ ಕಂಪಾಸ್ ಬಾಕ್ಸಿನಿಂದ ಮಿಲಿಮೀಟರ್ ಗೆರೆಯಿರುವ ಸ್ಕೇಲು ತಗೊಳ್ಳಿ. ಕನ್ನಡಿಯಿಂದ ಒಂದು ಗೇಣು ದೂರ, ಬೆಳಕಿನಲ್ಲಿ ನಿಲ್ಲಿ. ಸ್ಕೇಲನ್ನು ಹುಬ್ಬಿಗೆ ಅಡ್ಡ ಹಿಡಿಯಿರಿ. ಬಲಗಣ್ಣು ಮುಚ್ಚಿ, ಎಡಗಣ್ಣಿನ ಪಾಪೆಯ ನಡುವಿಗೆ ಸೊನ್ನೆ ಬರುವ ಹಾಗೆ ಹೊಂದಿಸಿ. ಈಗ ತಲೆ, ಸ್ಕೇಲು ಎರಡನ್ನೂ ಅಲುಗಿಸದೆ ಎಡಗಣ್ಣು ಮುಚ್ಚಿ ಬಲಗಣ್ಣು ತೆರೆಯಿರಿ. ಅದರ ಪಾಪೆಯ ನಡುವೆ ಎಷ್ಟು ಕಾಣುತ್ತದೋ ಅದೇ ನಿಮ್ಮ ಪಿಡಿ. ಮೂರು ಸಲ ಅಳೆಯಿರಿ. ದೊಡ್ಡವರಲ್ಲಿ ಸಾಮಾನ್ಯವಾಗಿ 54ರಿಂದ 74ರ ಒಳಗೆ ಬರುತ್ತದೆ. ಮೂರೂ ಸಲ ಬೇರೆ ಬೇರೆ ಬಂದರೆ ಕೈ ನಡುಗಿದೆ ಅಂತ ಅರ್ಥ, ಮನೆಯವರನ್ನು ಕರೆಯಿರಿ. ಬರೀ ಓದುವ ಕನ್ನಡಕವಾದರೆ ಬಂದದ್ದರಲ್ಲಿ ಮೂರು ಕಳೆಯಿರಿ, ಹತ್ತಿರ ನೋಡುವಾಗ ಕಣ್ಣು ಒಳಗೆ ತಿರುಗುತ್ತದೆ.

ಪ್ರಶ್ನೆ: ಆಸ್ಪತ್ರೆಯಲ್ಲಿ –2.50, +1.00, 90 ಅಂತ ಬರೆದುಕೊಟ್ಟರು. ಕನ್ನಡಕದ ಕಂಪನಿಯವರು ಮನೆಗೇ ಬಂದು ಪರೀಕ್ಷೆ ಮಾಡಿ –1.50, –1.00, 180 ಅಂತ ಬರೆದಿದ್ದಾರೆ. ಯಾರನ್ನು ನಂಬಲಿ? — ಓದುಗ, ಧಾರವಾಡ

ಇಬ್ಬರನ್ನೂ ನಂಬಿ. ಎರಡೂ ಒಂದೇ ನಂಬರ್!

ಎರಡನೆಯ ಅಂಕಿ ಸಿಲಿಂಡರ್, ಅಂದರೆ ಒಂದೇ ದಿಕ್ಕಿನಲ್ಲಿ ಬೇಕಾದ ಹೆಚ್ಚುವರಿ ಪವರ್. ಮೂರನೆಯದು ಆಕ್ಸಿಸ್, ಅದನ್ನು ಯಾವ ಕೋನದಲ್ಲಿ ಕೂರಿಸಬೇಕು ಅನ್ನುವುದು. ಸಿಲಿಂಡರನ್ನು ಕೆಲವರು ಪ್ಲಸ್‌ನಲ್ಲಿ ಬರೆಯುತ್ತಾರೆ, ಕೆಲವರು ಮೈನಸ್‌ನಲ್ಲಿ. ಮೊದಲ ಎರಡು ಅಂಕಿ ಕೂಡಿಸಿ: –2.50ಕ್ಕೆ +1.00 ಸೇರಿದರೆ –1.50. ಸಿಲಿಂಡರಿನ ಚಿಹ್ನೆ ತಿರುಗಿಸಿ: –1.00. ಆಕ್ಸಿಸ್‌ಗೆ 90 ಸೇರಿಸಿ: 180. ಮೊತ್ತ 180 ದಾಟಿದರೆ ಸೇರಿಸುವ ಬದಲು 90 ಕಳೆಯಬೇಕು. ತಪ್ಪಾಗುವುದು ಎಲ್ಲಿ ಅಂದರೆ, ಆರ್ಡರ್ ಮಾಡುವಾಗ ಒಂದು ಚೀಟಿಯಿಂದ ಸಿಲಿಂಡರ್, ಇನ್ನೊಂದರಿಂದ ಆಕ್ಸಿಸ್ ತೆಗೆದು ಹಾಕಿದಾಗ. ಪ್ಲಸ್, ಮೈನಸ್ ಚಿಹ್ನೆಯನ್ನು ಎರಡು ಸಲ ನೋಡಿ. ಇನ್ನೊಂದು, ಚೀಟಿಯಲ್ಲಿ ಬಲಗಣ್ಣಿನದ್ದನ್ನು ಎಡಗಡೆ ಬರೆಯುವುದು ವಾಡಿಕೆ, ಡಾಕ್ಟರು ನಿಮಗೆ ಎದುರಾಗಿ ಕೂತಿರುತ್ತಾರಲ್ಲ. ಆರ್‌ಇ ಅಂದರೆ ಬಲ, ಎಲ್‌ಇ ಅಂದರೆ ಎಡ. ಕೆಲವರು ಓಡಿ, ಓಎಸ್ ಅಂತ ಬರೆಯುತ್ತಾರೆ. ಓಡಿ ಬಲ. ಆಗುವುದಾದರೆ ಚೀಟಿಯ ಫೋಟೋ ಅಪ್‌ಲೋಡ್ ಮಾಡಿಬಿಡಿ, ಆಮೇಲೆ ಅವರು ತುಂಬಿದ್ದನ್ನು ತಾಳೆ ನೋಡಿ.

ಪ್ರಶ್ನೆ: ನನಗೆ 52. ಶುಗರ್ ಇದೆ. ಪ್ರೋಗ್ರೆಸಿವ್ ಲೆನ್ಸಿಗೆ ಅಂಗಡಿಯಲ್ಲಿ 9,000 ಹೇಳಿದರು, ಆನ್‌ಲೈನ್‌ನಲ್ಲಿ ಅರ್ಧಕ್ಕೆ ಸಿಗುತ್ತದೆ. ತರಿಸಲಾ? — ಓದುಗ, ಬಳ್ಳಾರಿ

ಇದೊಂದನ್ನು ನಾನು ಬೇಡ ಅನ್ನುತ್ತೇನೆ, ಅಂಗಡಿಯವನ ಬುದ್ಧಿ ಅಂದುಕೊಂಡರೂ ಪರವಾಗಿಲ್ಲ. ಪ್ರೋಗ್ರೆಸಿವ್‌ನಲ್ಲಿ ಮೇಲಿಂದ ಕೆಳಕ್ಕೆ ಪವರ್ ಮೆಲ್ಲಗೆ ಬದಲಾಗುತ್ತದೆ. ನಡುವಿನ ದಾರಿ ಕಿರಿದು. ಅದಕ್ಕೆ ಒಂದೊಂದು ಕಣ್ಣಿನ ಪಿಡಿ ಬೇರೆ ಬೇರೆ ಬೇಕು. ನೀವು ಆರಿಸಿದ ಫ್ರೇಮನ್ನು ಮುಖಕ್ಕೆ ಹಾಕಿಸಿ, ಪಾಪೆ ಎಲ್ಲಿ ಬರುತ್ತದೆ ಅಂತ ಲೆನ್ಸಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಚುಕ್ಕೆ ಇಡಬೇಕು. ಒಂದೆರಡು ಮಿಲಿಮೀಟರ್ ಕೆಳಗಾದರೆ ಓದಲು ಗದ್ದ ಎತ್ತಿ ಕೂರಬೇಕಾಗುತ್ತದೆ. ಆನ್‌ಲೈನ್ ಕಂಪನಿಗೇ ನಿಮ್ಮೂರಿನಲ್ಲಿ ಮಳಿಗೆ ಇದ್ದರೆ ಅಲ್ಲಿಗೆ ಹೋಗಿ ಅಳೆಸಿ, ಅದು ಸರಿ.

ದುಡ್ಡು ಉಳಿಸಲು ಬೇರೆ ದಾರಿಯಿದೆ. ಬೈಫೋಕಲ್ ಕೇಳಿ, ಅಂದರೆ ಮೇಲೆ ದೂರದ ನಂಬರ್, ಕೆಳಗೆ ಓದುವ ನಂಬರಿನ ತುಂಡು ಇರುವ ಲೆನ್ಸ್. ಕೆಟಿ ಅಂದರೆ ಕೆಳಗೆ ಗುಂಡಗಿನ ಚಂದ್ರ, ಡಿ ಅಂದರೆ ಚಪ್ಪಟೆ ತಲೆಯ ಚಂದ್ರ. ಗೆರೆ ಕಾಣುತ್ತದೆ ಅಂತ ಈಗ ಯಾರಿಗೂ ಬೇಡ. ಆದರೆ ಬೆಲೆ ಪ್ರೋಗ್ರೆಸಿವ್‌ಗಿಂತ ಎಷ್ಟೋ ಕಮ್ಮಿ. ನಮ್ಮ ಬ್ಯಾಂಕ್ ಮ್ಯಾನೇಜರುಗಳೆಲ್ಲ ಡಿ ಹಾಕಿಕೊಂಡೇ ರಿಟೈರ್ ಆದರು. ದೂರದ ನಂಬರ್ ಇಲ್ಲದೆ, ಎರಡೂ ಕಣ್ಣಿಗೆ ಓದುವ ನಂಬರ್ ಒಂದೇ ಇದ್ದು, ಸಿಲಿಂಡರ್ ಇಲ್ಲದಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಅದೇ ನಂಬರಿನ ರೆಡಿಮೇಡ್ ಕನ್ನಡಕ ಕೂಡ ಪೇಪರ್ ಓದಲು ಸಾಕು.

ಶುಗರ್ ಏರುಪೇರಾದರೆ ನಂಬರೂ ಏರುಪೇರಾಗುತ್ತದೆ. ಹತೋಟಿಗೆ ಬಂದು ಕೆಲವು ವಾರ ಆದ ಮೇಲೆ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ 9,000ವೂ ಹೋಯಿತು, ಅರ್ಧ ಬೆಲೆಯದ್ದೂ ಹೋಯಿತು. ಹಾಗೇ ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರಿಗೆ ರೆಟಿನಾ ತೋರಿಸಿ. ಕನ್ನಡಕದ ಕಂಪನಿಯ ಬಿಟ್ಟಿ ನಂಬರ್ ಪರೀಕ್ಷೆ ಅದಕ್ಕೆ ಬದಲಿ ಅಲ್ಲ.

ಪ್ರಶ್ನೆ: ಎಂಟು ವರ್ಷದ ಮಗ ವರ್ಷಕ್ಕೆ ಮೂರು ಕನ್ನಡಕ ಮುರಿಯುತ್ತಾನೆ. — ಓದುಗಿ, ಪುತ್ತೂರು

ಮುರಿಯಲಿ, ಆಡುವ ಮಗು. ಅವನ ಫ್ರೇಮಿಗೇ ಆನ್‌ಲೈನ್ ಸರಿಯಾದ ಜಾಗ, ಅಗ್ಗದ್ದು ಎರಡು ತರಿಸಿಡಿ. ಲೆನ್ಸ್ ಮಾತ್ರ ಪಾಲಿಕಾರ್ಬೊನೇಟ್ ಇರಲಿ. ಚೆಂಡು ಬಡಿದರೂ ಸುಲಭಕ್ಕೆ ಒಡೆಯುವುದಿಲ್ಲ. ಇಲ್ಲಿ ಚೌಕಾಸಿ ಬೇಡ. ನಂಬರನ್ನು ಮಾತ್ರ ಕಣ್ಣಿನ ಡಾಕ್ಟರು ಡ್ರಾಪ್ಸ್ ಹಾಕಿಯೇ ನೋಡಬೇಕು. ಮಕ್ಕಳ ಕಣ್ಣು ಪರೀಕ್ಷೆಯ ಹೊತ್ತಿಗೆ ಹತ್ತಿರಕ್ಕೆ ಹೊಂದಿಸಿಕೊಂಡು ಮೋಸ ಮಾಡುತ್ತದೆ.

ಪ್ರಶ್ನೆ: ತರಿಸಿದ ಕನ್ನಡಕ ಹಾಕಿದರೆ ತಲೆ ತಿರುಗುತ್ತದೆ. ಕಂಪನಿಯವರು "ಒಂದು ವಾರ ಹಾಕಿ, ಅಭ್ಯಾಸ ಆಗುತ್ತೆ" ಅಂತಾರೆ. — ಓದುಗಿ, ಕಾರವಾರ

ಹೊಸ ಸಿಲಿಂಡರ್ ಬಂದಿದ್ದರೆ ನಿಜಕ್ಕೂ ನಾಲ್ಕೈದು ದಿನ ನೆಲ ವಾಲಿದಂತೆ ಕಾಣುತ್ತದೆ. ಆದರೆ ಕಾಯುವ ಮೊದಲು ಪರೀಕ್ಷೆ ಮಾಡಿ. ಕನ್ನಡಕವನ್ನು ಕೈಚಾಚಿ ಹಿಡಿದು ಕಿಟಕಿಯ ನೆಟ್ಟಗಿನ ಸರಳು ನೋಡಿ. ಲೆನ್ಸಿನೊಳಗಿನ ಸರಳು ಹೊರಗಿನದರ ಜೊತೆ ಒಂದೇ ಗೆರೆಗೆ ಬರುವ ತನಕ ಆಚೀಚೆ ಸರಿಸಿ. ಬಂದ ಜಾಗದಲ್ಲಿ ಲೆನ್ಸಿನ ಮೇಲೆ ಸ್ಕೆಚ್ ಪೆನ್ನಿನ ಚುಕ್ಕೆ ಇಡಿ. ಇನ್ನೊಂದು ಲೆನ್ಸಿಗೂ ಹಾಗೇ ಮಾಡಿ. ಎರಡು ಚುಕ್ಕೆಯ ನಡುವಿನ ಅಡ್ಡ ಅಂತರ ನಿಮ್ಮ ಪಿಡಿಗೆ ಹತ್ತಿರ ಇರಬೇಕು. ಸಿಲಿಂಡರ್ ಜಾಸ್ತಿ ಇದ್ದರೆ ಸರಳು ವಾಲುತ್ತದೆ, ಈ ಉಪಾಯ ನಡೆಯುವುದಿಲ್ಲ. ಆಗ ಯಾವುದಾದರೂ ಅಂಗಡಿಯಲ್ಲಿ ಲೆನ್ಸೋಮೀಟರಿಗೆ ಇಟ್ಟು ನಂಬರ್ ಬರೆದುಕೊಡಲು ಕೇಳಿ. ಎರಡು ನಿಮಿಷದ ಕೆಲಸ. ಐವತ್ತು ಕೇಳಿದರೆ ಕೊಡಿ.

ತಪ್ಪು ಸಿಕ್ಕಿದರೆ ಫೋಟೋ ಸಮೇತ ಬರಹದಲ್ಲಿ ದೂರು ಕೊಡಿ, ಫೋನಿನಲ್ಲಿ ಕೂಗಾಡಿ ಪ್ರಯೋಜನವಿಲ್ಲ. 2020ರ ಇ-ಕಾಮರ್ಸ್ ಗ್ರಾಹಕ ನಿಯಮದ ಪ್ರಕಾರ ಅವರ ದೂರು ಅಧಿಕಾರಿ 48 ಗಂಟೆಯಲ್ಲಿ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗಲಿಲ್ಲವಾ, 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಪ್ರಶ್ನೆ: ಅಮ್ಮನಿಗೆ 70. ಎರಡು ವರ್ಷದಲ್ಲಿ ಮೂರು ಸಲ ನಂಬರ್ ಬದಲಾಯಿತು. ಅಗ್ಗದ ಕನ್ನಡಕ ಎಲ್ಲಿ ಸಿಗುತ್ತದೆ? — ಓದುಗ, ಹಾವೇರಿ

ಮೊದಲು ಪೊರೆ ಇದೆಯಾ ನೋಡಿಸಿ. ಪೊರೆ ಬೆಳೆಯುವಾಗ ನಂಬರ್ ಹೀಗೇ ಓಡುತ್ತದೆ, ಎಷ್ಟು ಕನ್ನಡಕ ಕೊಂಡರೂ ಹಿಡಿಯಲು ಆಗುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕರೆದುಕೊಂಡು ಹೋಗಿ. ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಉಚಿತ ಕನ್ನಡಕ ಕೊಟ್ಟಿದ್ದಾರೆ. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ.

ಪ್ರಶ್ನೆ: ಅದಿರಲಿ ಸರ್, ನಿಮ್ಮ ಕನ್ನಡಕ ಎಲ್ಲಿಯದು? — ಓದುಗ, ಸಾಗರ

ಫ್ರೇಮ್ ನನ್ನ ಅಂಗಡಿಯ ಕೊನೆಯ ಸ್ಟಾಕಿನದು, ಕಂದು ಬಣ್ಣದ ಶೆಲ್ ಫ್ರೇಮ್. ಮಾರಾಟವಾಗದೆ ಉಳಿದಿತ್ತು. ಫ್ರೇಮ್ ಗಟ್ಟಿ ಇದ್ದರೆ ಬರೀ ಗ್ಲಾಸ್ ಬದಲಾಯಿಸಿದರೆ ಸಾಕು, ಹಾಗಾಗಿ ಎರಡು ಸಲ ಗ್ಲಾಸ್ ಮಾತ್ರ ಹಾಕಿಸಿದ್ದೇನೆ. ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗ ಈಗ ದುರ್ಗಿಗುಡಿಯಲ್ಲಿ ತನ್ನದೇ ಅಂಗಡಿ ಇಟ್ಟಿದ್ದಾನೆ. ಹೋದ ಸಲ ಹೋದಾಗ ಚಾ ತರಿಸಿ, "ಸಾರ್, ಬ್ಲೂ ಕಟ್ ಹಾಕಿಬಿಡಲಾ?" ಅಂದ.